ನವಣಿ ತುಂಬಿದ ಕುಬಸ

ಬೆಟಗೇರಿಯ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಹಿಡಿದಿಲ್ಲ. ದಿಲಶಾದಬಿ ಆಗಲೇ ಹೊಲಿಗೆಯಂತ್ರವನ್ನು ಬಾಗಿಲ ಬಳಿ ಎಳೆದುಕೊಂಡು ಕೂತಿದ್ದಾರೆ. ಇಷ್ಟು ನಸುಕಿನಲ್ಲಿ ಕುಬಸ ಹೊಲಿಸಲು ಯಾರು ಬರುತ್ತಾರೆ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ, "ಮಂದಿ ಕಣ್ಣಿಗೆ ಬೀಳಬಾರದು ಅನ್ನೋರು ಬರತಾರ್ರಿ. ನೀವು ಚಾ ಕುಡೀರಿ" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಬರುವವರು ಎದೆಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಹೆಂಗಸರು. ಈ ಸಾವಿರದ ಒಂಬೈನೂರ ಎಂಬತ್ತಮೂರರಲ್ಲೂ ಆ ರೋಗದ ಹೆಸರನ್ನು ಜೋರಾಗಿ ಹೇಳುವವರಿಲ್ಲ. ಆದರೂ ಮುಂಡರಗಿ, ಶಿರಹಟ್ಟಿವರೆಗೂ ಬಾಯಿಂದ ಬಾಯಿಗೆ ಖಬರು ಮುಟ್ಟಿದೆ. ಒಂದು ಬದಿ ತೆಗೆದ ಮೇಲೆ ಹಳೆಯ ಕುಬಸ ಮೈಗೆ ಕೂರುವುದಿಲ್ಲ. ದಿಲಶಾದಬಿ ಅದರೊಳಗೆ ಮೆತ್ತನೆಯ ಚೀಲ ಹೊಲಿಯುತ್ತಾರೆ, ಊದಿಕೊಂಡ ಕೈಗೆಂದು ಆ ಬದಿಯ ತೋಳನ್ನು ಸಡಿಲ ಬಿಡುತ್ತಾರೆ.

ಮೊದಲು ಹೊಲಿದದ್ದು ಅಕ್ಕ ಹಸೀನಾಬಿಗೆ. ಆಪರೇಷನ್ ಆಗಿ ಬಂದ ಅಕ್ಕ ಸೆರಗು ಬಿಗಿದುಕೊಂಡು ಮೂಲೆ ಹಿಡಿದಿದ್ದರು. "ಜೀವ ಉಳೀತಲ್ಲ, ಇನ್ನೇನ ಬೇಕು ಅಂತಿದ್ರು ಎಲ್ಲಾರು. ನಾ ಬರೇ ಹತ್ತಿ ಅರಳಿ ತುಂಬಿ ಹೊಲದ ಕೊಟ್ಟೆ. ಹಗರ ಆಗಿ ಕುತ್ತಿಗಿಗೆ ಏರತಿತ್ತು, ಅಕ್ಕ ನಗಾಕ ಹತ್ತಿದ್ಲು. ಆಮ್ಯಾಲೆ ತೂಕಕ್ಕ ನವಣಿ ಕಾಳು ಬೆರಿಸಿದೆ ನೋಡ್ರಿ, ಕುಂತಲ್ಲೇ ಕುಂತ್ತು."

ಇವತ್ತು ಬಂದವರು ಮಲ್ಲಸಮುದ್ರದ ಪದ್ಮಾಬಾಯಿ, ಗುಡಿಯ ಪೂಜಾರರ ಮನೆಯವರು. ನನ್ನನ್ನು ಕಂಡು ಹಿಂದೆ ಸರಿದವರು, ನಾನೂ ಹೆಂಗಸೇ ಎಂದು ಧೈರ್ಯ ಮಾಡಿ ಕೂರುತ್ತಾರೆ. ಆಪರೇಷನ್ ಆದ ವರ್ಷ ತವರಲ್ಲಿ ತೊಟ್ಟಿಲ ಕಾರ್ಯವಿತ್ತು. ಮುತ್ತೈದೆಯರೆಲ್ಲರ ಉಡಿಗೆ ಅಕ್ಕಿ, ಕಾಯಿ, ಖಣ ಬಿದ್ದವು. ಇವರ ಉಡಿಗೆ ಮಾತ್ರ ಖಣದ ಬದಲು ಸ್ಟೀಲಿನ ಬಟ್ಟಲು. ಕುಬಸದ ಅರಿವೆ ಕೊಟ್ಟರೆ ನೊಂದಾಳು ಎಂದು ವೈನಿ, ಅಂದರೆ ಅಣ್ಣನ ಹೆಂಡತಿ, ಖಣ ತೆಗೆದಿಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಎಂಥ ಪ್ರೀತಿಯಪ್ಪಾ ಅದು!

"ನಾ ಇನ್ನ ಹೆಂಗಸರ ಲೆಕ್ಕದಾಗ ಇಲ್ಲೇನು ಅನಿಸ್ತು" ಎನ್ನುತ್ತಾರೆ ಪದ್ಮಾಬಾಯಿ. ಆವತ್ತಿನಿಂದ ಯಾವ ಕಾರ್ಯಕ್ಕೂ ಹೋಗಿಲ್ಲ. ಈಗ ಅಣ್ಣನ ಮಗಳ ಮದುವೆ ಬಂದಿದೆ, ಇವರೇ ಎತ್ತಿ ಆಡಿಸಿದ ಕೂಸು. ಹೋಗದಿದ್ದರೆ ಕರುಳು ಕೇಳುವುದಿಲ್ಲ, ಹೋದರೆ ಮತ್ತೆ ಅದೇ ಬಟ್ಟಲು.

ದಿಲಶಾದಬಿ ಹಲ್ಲಿನಿಂದ ದಾರ ಹರಿಯುತ್ತಾರೆ. "ಕೇಳ್ರಿ ಅವರನ್ನ. ಅಳದ ಕೂಸಿಗೆ ಅವ್ವನೂ ಹಾಲು ಕೊಡಂಗಿಲ್ಲ."

ಪದ್ಮಾಬಾಯಿ ಕುಬಸ ತೊಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಹೊರಡುತ್ತಾರೆ. ನಿಮ್ಮ ಆಸೆ ಏನು ಎಂದು ದಿಲಶಾದಬಿಯನ್ನು ಕೇಳುತ್ತೇನೆ.

"ಡಾಕ್ಟರು ಜೀವ ಉಳಿಸ್ಯಾರ, ಖರೆ. ಮನಿಗೆ ಹೋದಮ್ಯಾಲೆ ಹೆಂಗ ಬಾಳ್ವಿ ಮಾಡತೀರಿ, ಕೈ ಯಾಕ ಊದತೈತಿ, ಮಂದ್ಯಾಗ ಹೋಗತೀರೇನು ಅಂತ ಹುಡುಕ್ಕೊಂಡು ಬಂದು ಕೇಳೋರು ಬೇಕ್ರಿ. ಓದಿದವರು ಇದನ್ನೂ ಓದಬೇಕು."

ಮದುವೆ ಮುಗಿದ ವಾರ ನಾನು ಮತ್ತೆ ಅಲ್ಲಿದ್ದೇನೆ. ಪದ್ಮಾಬಾಯಿ ಬಂದು ಎರಡು ಖಣ ಮುಂದಿಡುತ್ತಾರೆ.

"ನನ್ನ ಖಣ ಎಲ್ಲಿ ವೈನಿ ಅಂತ ಎಲ್ಲಾರ ಮುಂದ ಕೇಳಿದೆ. ಅಕಿ ಅಳಕೋತ ಒಳಗ ಹೋಗಿ ತಂದಳು. ಒಂದು ಈ ಮದುವೀದು. ಇನ್ನೊಂದು ಆವತ್ತ ತೆಗೆದಿಟ್ಟದ್ದು, ಟ್ರಂಕಿನಾಗ ಹಂಗೇ ಇಟ್ಟಿದ್ದಳಂತ."

ದಿಲಶಾದಬಿ ಮಡಿಕೆಯ ಗೆರೆ ಮೂಡಿದ ಖಣವನ್ನು ಎತ್ತಿ ತೊಡೆಯ ಮೇಲೆ ಹರಡಿಕೊಳ್ಳುತ್ತಾರೆ.

"ಮೊದಲ ಇದನ್ನ ಹೊಲೀತೀನ್ರಿ."