ಶಾರದತ್ತೆ ಗೇಟು ದಾಟಿದ್ದು

ಸಾಗರದಿಂದ ಬಸ್ಸಿನಲ್ಲಿ ಒಂದು ಚೀಲ ಗೊಬ್ಬರ ಬಂದಿದೆ. ತೀರ್ಥಹಳ್ಳಿಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅದರ ಬಾಯಿ ಬಿಚ್ಚಿ ಮೂಸಿ ನೋಡಿದೆ. ಒಂದು ಊರಿನ ಅಡುಗೆಮನೆಗಳ ಸಿಪ್ಪೆ, ಹಳಸಿದ ಅನ್ನ ಸೇರಿ ಆದದ್ದಿದು ಎಂದರೆ ನೀವು ನಂಬಲಿಕ್ಕಿಲ್ಲ. ಬರೀ ಮಣ್ಣಿನ ವಾಸನೆ. ಕಳಿಸಿದವರು ಶಾರದತ್ತೆ, ನನ್ನ ಅಪ್ಪನ ತಂಗಿ.

ಮಾವ ತೀರಿಕೊಂಡ ಮೇಲೆ ಅತ್ತೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಸಾಮಾನು ಅಂಗಡಿಯಿಂದ ಮನೆಗೇ ಬರುತ್ತಿತ್ತು. ಕಸವನ್ನು ಪಕ್ಕದ ಮನೆಯವರು ಒಯ್ದು ಬೀದಿ ಮೂಲೆಯ ತೊಟ್ಟಿಗೆ ಹಾಕುತ್ತಿದ್ದರು. ಉಪದೇಶ ಮಾಡುವುದರಲ್ಲಿ ನಾನು ಎತ್ತಿದ ಕೈ. ಆದರೆ ನನ್ನ ಯಾವ ಉಪದೇಶವೂ ಅವರನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ.

ಎಬ್ಬಿಸಿದ್ದು ಕಸದ ಗಾಡಿ. ನಗರಸಭೆಯವರು ಬೀದಿಯ ತೊಟ್ಟಿ ತೆಗೆದರು. ಹಸಿ ಕಸ, ಒಣ ಕಸ ಬೇರೆ ಮಾಡಿ ಅವರವರೇ ಗಾಡಿಗೆ ಕೊಡಬೇಕೆಂದಾಯಿತು. ಅತ್ತೆ ಗೇಟಿನವರೆಗೆ ಬರದೆ ಗತಿಯಿರಲಿಲ್ಲ. ಗಾಡಿಯ ಜೊತೆ ಬರುವ ಗಿರಿಜಾ ಮೊದಲ ದಿನವೇ ಬುಟ್ಟಿ ವಾಪಸ್ ಕೊಟ್ಟಳಂತೆ.

"ಅಮ್ಮಾ, ಹಾಲಿನ ಕವರ್ ಹಸಿ ಕಸಕ್ಕೆ ಹಾಕ್ಬೇಡಿ. ಗೊಬ್ಬರ ಆಗಲ್ಲ ಅದು."

"ತೊಳೆದು ಬೇರೆ ಕೊಟ್ರೆ ಎಂತ ಮಾಡ್ತೀರಿ?"

"ಕಟ್ಟು ಕಟ್ಟಿ ಕಳಿಸ್ತೀವಿ. ಕರಗಿಸಿ ಪೈಪ್ ಮಾಡ್ತಾರಂತೆ."

ಮರುದಿನದಿಂದ ಅತ್ತೆಯ ಹಿತ್ತಲ ತಂತಿಯ ಮೇಲೆ ಸೀರೆಗಳ ಪಕ್ಕ ಹಾಲಿನ ಕವರುಗಳೂ ಒಣಗತೊಡಗಿದವು. ಗೇಟಿನ ಬಳಿ ಮಾತು ಬೆಳೆಯಿತು: ಗಿರಿಜಾಳ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು.

ಒಂದು ಬೆಳಿಗ್ಗೆ ಗಾಡಿ ಬಂತು, ಗಿರಿಜಾ ಬರಲಿಲ್ಲ. ಯಾರದೋ ಚೀಲದಲ್ಲಿದ್ದ ಒಡೆದ ಗಾಜು ಅಂಗೈ ಕೊಯ್ದು, ಹೊಲಿಗೆ ಹಾಕಿದ್ದಾರೆಂದು ಡ್ರೈವರ್ ಹೇಳಿದ. ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು, ಗೇಟು ದಾಟಿ ಬೀದಿಗಿಳಿದರು. ಮನೆಮನೆಯ ಬಾಗಿಲು ಬಡಿದರು.

"ಗಾಜು ಒಡೆದ್ರೆ ಪೇಪರಲ್ಲಿ ಸುತ್ತಿ ಬೇರೆ ಕೊಡಿ. ಇದು ಗಾಜು ಅಂತ ಬಾಯಿಬಿಟ್ಟು ಹೇಳಿ."

"ಅವ್ರಿಗೆ ಗ್ಲೌಸ್ ಕೊಟ್ಟಿರಲ್ವಾ?" ಎಂದರಂತೆ ಒಬ್ಬರು.

"ಗ್ಲೌಸ್ ಒಳಗೂ ಕೈನೇ ಇರೋದು" ಎಂದರು ಅತ್ತೆ.

ಗಾಯ ಮಾಗಿ ಗಿರಿಜಾ ಕೆಲಸಕ್ಕೆ ಮರಳಿದಾಗ ಆ ಬೀದಿಯ ಹೆಚ್ಚಿನವರು ಗಾಜನ್ನು ಬೇರೆ ಸುತ್ತಿ ಕೊಡುತ್ತಿದ್ದರು. ಎಲ್ಲರೂ ಅಲ್ಲ. ಹಾಗಾಗಿ ಅತ್ತೆಯ ಓಡಾಟ ನಿಲ್ಲಲಿಲ್ಲ. ಪಕ್ಕದ ಬೀದಿಗಳಿಗೂ ಹಬ್ಬಿತು.

ಚೀಲ ತಲುಪಿತೆಂದು ಹೇಳಲು ಈಗಷ್ಟೇ ಫೋನ್ ಮಾಡಿದೆ.

"ಹೊರಗಿದೀನಿ ಮಾರಾಯ್ತಿ, ಇನ್ನೂ ಸುಮಾರು ಮನೆ ಬಾಕಿ ಇದಾವೆ. ಸಂಜೆ ಮಾಡ್ತೀನಿ, ಇಡು."

ಒಬ್ಬರೇ ಇರುತ್ತಾರಲ್ಲ ಎಂದು ಇಷ್ಟು ವರ್ಷ ಅವರಿಗೆ ಕರ್ತವ್ಯದಂತೆ ಫೋನ್ ಮಾಡುತ್ತಿದ್ದವಳು ನಾನು. ಇವತ್ತು ಅವರ ಬಿಡುವಿಗಾಗಿ ಕಾಯುತ್ತಾ ಕೂತಿದ್ದೇನೆ.