ಹಾವಸೆ ತೊಳೆದ ಭರಣಿ

ಐವತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿದ್ದೆ. ಹಸಿರು ಸಸ್ಯಗಳು ಬಿಸಿಲಿನ ಸಹಾಯದಿಂದ ಆಹಾರ ತಯಾರಿಸುತ್ತವೆ ಎಂದು ಒಂಬತ್ತು ವರ್ಷ ಬೋರ್ಡಿನಲ್ಲಿ ಬರೆದೆ, ಮಕ್ಕಳು ಉರು ಹೊಡೆದರು. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಶಾಲೆಯವರು ತೋರಿಸುತ್ತಿದ್ದದ್ದು ನನ್ನ ಕ್ಲಾಸನ್ನೇ.

ಒಂಬತ್ತನೆಯ ವರ್ಷ ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ಬರುವ ಹೊಸ ಟೀಚರ್ ಸೇರಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಸೀರೆಯ ಅಂಚು ಯಾವಾಗಲೂ ಒದ್ದೆ. ಅವಳು ಪೆಪ್ಪರ್‌ಮೆಂಟಿನ ಗಾಜಿನ ಭರಣಿಯಲ್ಲಿ ತೋಡಿನ ನೀರು ತುಂಬಿ, ಎರಡು ಪುಟ್ಟ ಮೀನು ಬಿಟ್ಟು, ಮುಚ್ಚಳಕ್ಕೆ ಮೇಣ ಬಳಿದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಳು. ಗಾಜಿನ ಒಳಮೈಗೆಲ್ಲ ಹಸಿರು ಲೋಳೆ. ಹೊರಗಿನ ಗಾಳಿಯಿಲ್ಲ, ತಿಂಡಿ ಹಾಕುವವರಿಲ್ಲ, ಆದರೂ ಮೂರು ವಾರ ಮೀನು ಸಾಯಲಿಲ್ಲ. ನನ್ನ ಕ್ಲಾಸಿನ ಹುಡುಗಿಯರೂ ಊಟದ ಬೆಲ್ ಆದೊಡನೆ ಅಲ್ಲಿಗೇ ಓಡುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

“ಸೋಮವಾರ ಇನ್‌ಸ್ಪೆಕ್ಟರ್ ಬರ್ತಾರೆ. ಈ ಸಲ ಆ ಬಾಟ್ಲಿಯ ಪಾಠ ತೋರಿಸುವ, ಆಗದಾ?” ಎಂದರು ಹೆಡ್‌ಮಿಸ್ಟ್ರೆಸ್.

“ಆಗ್ತದೆ” ಎಂದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಶನಿವಾರವೆಂದರೆ ತೊಳೆಯುವ ದಿನ. ಭಾನುವಾರದ ಪೂಜೆಗೆ ಮುಂಚೆ ಕೆಂಪುಕಲ್ಲಿನ ಮೆಟ್ಟಿಲಿಗೆ ಹಿಡಿದ ಹಸಿರು ಹಾವಸೆಯನ್ನು ತೆಂಗಿನ ನಾರಿನಿಂದ ತಿಕ್ಕದಿದ್ದರೆ ಅಮ್ಮ ಬಿಡುತ್ತಿರಲಿಲ್ಲ. ಭರಣಿಯಲ್ಲಿ ನನಗೆ ಕಂಡದ್ದೂ ಹಾವಸೆಯೇ. ನಾರು ತಂದು ಗಾಜು ಫಳಫಳ ಹೊಳೆಯುವಷ್ಟು ತಿಕ್ಕಿದೆ. ಬಾವಿಯ ಹೊಸ ನೀರು ತುಂಬಿ, ಮೀನು ಬಿಟ್ಟು, ಮತ್ತೆ ಮೇಣ ಬಳಿದೆ. ಅವಳ ಕೊಳಕನ್ನು ತೊಳೆದವಳು ನಾನು ಎಂದು ಸೋಮವಾರ ಹೆಡ್‌ಮಿಸ್ಟ್ರೆಸ್ ಕಿವಿಗೆ ಹಾಕಬೇಕೆಂದಿದ್ದೆ.

ಪಾಚಿಯ ಪಾಠವನ್ನೂ ನಾನೇ ಮಾಡುತ್ತಿದ್ದೆ. ಆದರೆ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು ಇಲ್ಲವೇ ಊರ ಕನ್ನಡ. ಪಾಚಿ ಎಂಬ ಮಾತು ನನ್ನ ಮಟ್ಟಿಗೆ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಪುಸ್ತಕದ್ದು ಪಾಚಿ, ಕಾಲು ಜಾರಿಸುವುದು ಹಾವಸೆ. ಎರಡೂ ಒಂದೇ ಎಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರು ಬಂದು ನಿಂತಾಗ ಮೀನುಗಳೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಬ್ಬ ಹುಡುಗಿ ಅಳತೊಡಗಿದಳು. ಹೊಸ ಟೀಚರ್ ಭರಣಿಯನ್ನು ತಿರುಗಿಸಿ ನೋಡಿದಳು, ಮೇಣದಲ್ಲಿ ಅಂಟಿದ್ದ ಒಂದೆಳೆ ನಾರನ್ನು ಕಿತ್ತಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಕ್ಷಣ ನೋಡಿ ಮಕ್ಕಳ ಕಡೆ ತಿರುಗಿದಳು.

“ಆ ಹಸಿರು ಎಂತ ಮಾಡ್ತಿತ್ತು ಅಂತ ಈಗ ಗೊತ್ತಾಯ್ತಾ? ಮೀನಿಗೆ ಉಸಿರು ಕೊಡ್ತಿದ್ದದ್ದು ಅದೇ, ತಿನ್ನಲಿಕ್ಕೆ ಕೊಡ್ತಿದ್ದದ್ದೂ ಅದೇ. ಕಡಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಉಂಟು. ಅದು ಇಲ್ಲದಿದ್ರೆ ನಿಮ್ಮ ಮನೆಗೆ ಬಂಗುಡೆ ಮೀನೂ ಇಲ್ಲ.”

ಇನ್‌ಸ್ಪೆಕ್ಟರು ಕುರ್ಚಿ ಎಳೆದು ಕುಳಿತು ಕೊನೆಯವರೆಗೂ ಕೇಳಿದರು. ನನ್ನ ಕ್ಲಾಸಿನಲ್ಲಿ ಅವರು ಎಂದೂ ಕುಳಿತವರಲ್ಲ. ಮೀನು ಕೊಂದದ್ದು ನಾನು, ಪಾಠ ಗೆದ್ದದ್ದು ಅವಳು. ಸತ್ತ ಮೀನಿಗಿಂತ ಆ ಕುರ್ಚಿಯೇ ನನ್ನನ್ನು ಹೆಚ್ಚು ಚುಚ್ಚಿತು.

ಸಂಜೆ ಸ್ಟಾಫ್‌ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವಳು ಮೆಲ್ಲಗೆ ಕೇಳಿದಳು, “ಅದನ್ನು ತೊಳೆದ್ರೆ ಮೀನು ಸಾಯ್ತದೆ ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ವಾ ಟೀಚರ್?”

ಕ್ಷಮಿಸಲಿಕ್ಕೇ ಕೇಳಿದ್ದಳು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಂಬತ್ತು ವರ್ಷ ಆ ಪಾಠ ಮಾಡಿದ ಟೀಚರ್ ನಾನು.

“ಗೊತ್ತಿತ್ತು” ಎಂದೆ.