ಬಾರದ ಉತ್ತರ

ಶಹಾಬಾದದ ಹತ್ತಿರದ ಕಲ್ಲುಗಣಿಯಲ್ಲಿ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಕೆಲಸ ನನ್ನದಾಗಿತ್ತು. ಹಚ್ಚುವ ಮೊದಲು ನಾನು ಕೂಗಬೇಕು. ದೂರದೂರ ನಿಂತ ಮೂವರು ಆ ಕೂಗನ್ನು ಗಣಿಯ ತಳಕ್ಕೆ ದಾಟಿಸಬೇಕು. ಎಲ್ಲರೂ ಸರಿದ ಮೇಲೆ "ಖಾಲಿ" ಎಂಬ ಉತ್ತರ ಅದೇ ದಾರಿಯಲ್ಲಿ ತಿರುಗಿ ಬರಬೇಕು.

ನಾನು ಕಾಯುತ್ತೇನೋ ಇಲ್ಲವೋ ಎಂದು ನೋಡಲು ನಮ್ಮ ಮೇಲ್ವಿಚಾರಕನಾದ ಮುಕಾದಮ ಆಗಾಗ ಆ ಮೂವರಲ್ಲಿ ನಡುವಿನವನಿಗೆ ಗುಟ್ಟಾಗಿ ಹೇಳಿ ಉತ್ತರವನ್ನು ತಡಮಾಡಿಸುತ್ತಿದ್ದ. ಒಮ್ಮೊಮ್ಮೆ ನುಂಗಿಸಿಯೇ ಬಿಡುತ್ತಿದ್ದ. ಸಿಟ್ಟು ತಡೆಯದೆ ಒಮ್ಮೆ ಆ ನಡುವಿನವನ ಕಪಾಳಕ್ಕೆ ಬಾರಿಸಿದ್ದೆ.

ಆ ದಿನವೂ ಉತ್ತರ ಬರಲಿಲ್ಲ. "ಮತ್ತ ಆಟ ಆಡಾಕತ್ತಾನ ಮುಕಾದಮ, ಹಲ್ಕಟ್" ಎಂದು ಬತ್ತಿ ಹಚ್ಚಿದೆ.

ಕಲ್ಲು ಸಿಡಿದವು. ಗಣಿಯ ತಳದ ಧೂಳಿನೊಳಗಿಂದ ಮುಕಾದಮನೇ ಎದ್ದು ಬಂದ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ.

"ಇವತ್ತ ನಾ ಯಾರಿಗೂ ಸುಮ್ಮನಿರು ಅಂದಿದ್ದಿಲ್ಲಲೇ" ಎಂದ.